ಅದಿರಿಗೂ ಲೋಹಕ್ಕೂ ನಡುವಿನ ಗಂಟು

2023ರ ಜನವರಿಯಲ್ಲಿ ಸ್ವೀಡನ್ನಿನ ಸರ್ಕಾರಿ ಗಣಿ ಕಂಪನಿ ಎಲ್‌ಕೆಎಬಿ, ಆ ದೇಶದ ಉತ್ತರ ಭಾಗದ ಕಿರುನಾ ಪಟ್ಟಣದ ಬಳಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ವಿರಳ ಭೂಲೋಹಗಳ ಆಕ್ಸೈಡ್ ಇರುವ ನಿಕ್ಷೇಪವನ್ನು ಗುರುತಿಸಿರುವುದಾಗಿ ಪ್ರಕಟಿಸಿತು. ಯುರೋಪಿನಲ್ಲಿ ಅದುವರೆಗೆ ತಿಳಿದಿದ್ದ ನಿಕ್ಷೇಪಗಳಲ್ಲಿ ಇದೇ ದೊಡ್ಡದೆಂಬ ಸುದ್ದಿ ಜಗತ್ತನ್ನು ಸುತ್ತಿತು. ಎಲೆಕ್ಟ್ರಿಕ್ ವಾಹನದ ಮೋಟಾರಿಗೂ ಗಾಳಿಯಂತ್ರಕ್ಕೂ ಬೇಕಾದ ಅಯಸ್ಕಾಂತಗಳಿಗಾಗಿ ಚೀನಾವನ್ನು ನೆಚ್ಚಿಕೊಳ್ಳುವುದು ಇನ್ನು ತಪ್ಪೀತು ಎಂಬ ನಿರೀಕ್ಷೆಯೂ ಅದರ ಬೆನ್ನಿಗೇ ಹುಟ್ಟಿತು. ಆದರೆ ಎರಡು ಸಂಗತಿಗಳಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಗಣಿಯಿಂದ ಮಾಲು ಮಾರುಕಟ್ಟೆಗೆ ಬರಲು ಕನಿಷ್ಠ 10ರಿಂದ 15 ವರ್ಷ ಬೇಕಾಗುತ್ತದೆ ಎಂದು ಕಂಪನಿಯೇ ಹೇಳಿತ್ತು, ಇದು ಒಂದು. ಆ ಲೋಹಗಳು ಅಲ್ಲಿ ಕಬ್ಬಿಣದ ಅದಿರಿನ ಜೊತೆಗಿರುವ ಅಪಟೈಟ್ ಎಂಬ ಫಾಸ್ಫೇಟ್ ಖನಿಜದೊಳಗೆ ಹರಡಿಕೊಂಡಿವೆ ಎಂಬುದು ಇನ್ನೊಂದು. ಪರವಾನಗಿ ಪಡೆಯುವ ಕಾಲವನ್ನು ಕಾನೂನು ತಿದ್ದಿ ಸ್ವಲ್ಪ ತಗ್ಗಿಸಬಹುದು. ಲೋಹ ಯಾವ ಖನಿಜದಲ್ಲಿ ಕುಳಿತಿದೆ ಎಂಬುದನ್ನು ಯಾವ ಕಾನೂನೂ ಬದಲಿಸಲಾರದು.

ನಿರ್ಣಾಯಕ ಖನಿಜಗಳ ಕುರಿತ ಈಗಿನ ಚರ್ಚೆಯಲ್ಲಿ ತಪ್ಪಿಹೋಗುತ್ತಿರುವುದು ಈ ಎರಡನೆಯ ಸಂಗತಿಯೇ. ಯಾವ ದೇಶದ ನೆಲದಡಿ ಎಷ್ಟು ಟನ್ ಇದೆ ಎಂಬ ಪಟ್ಟಿಗಳು ಮೇಲಿಂದ ಮೇಲೆ ಪ್ರಕಟವಾಗುತ್ತವೆ. ಆ ಟನ್ನುಗಳನ್ನು ಬಂಡೆಯಿಂದ ಬಿಡಿಸುವ ದಾರಿ ಯಾರ ಬಳಿ ಇದೆ ಎಂಬ ಪಟ್ಟಿ ಅಪರೂಪ. ಲೋಹದ ಕೊರತೆ ಎಂಬುದು ಒಂದೇ ಬಗೆಯ ಕೊರತೆಯಲ್ಲ. ತಾಮ್ರದ ಪೂರೈಕೆಯ ಸರಪಣಿಯಲ್ಲಿ ಗಂಟು ಬಿದ್ದಿರುವುದು ಒಂದು ಕಡೆ, ನಿಕಲ್‌ನಲ್ಲಿ ಇನ್ನೊಂದು ಕಡೆ, ವಿರಳ ಭೂಲೋಹಗಳಲ್ಲಿ ಮತ್ತೊಂದು ಕಡೆ. ಎಲ್ಲಕ್ಕೂ ಒಂದೇ ಮದ್ದು ಕೊಡಹೊರಟರೆ ಹಣ ಹೋಗುತ್ತದೆ, ಗಂಟು ಉಳಿಯುತ್ತದೆ.

ಮೊದಲಿಗೆ ಲೆಕ್ಕದ ಮಾತು. ಭೂವಿಜ್ಞಾನಿಗಳು ಕೊರೆದು, ಮಾದರಿ ತೆಗೆದು, ಇಷ್ಟು ಖನಿಜ ಇರಬಹುದೆಂದು ಅಂದಾಜಿಸುವುದು ಸಂಪನ್ಮೂಲ. ಅದರಲ್ಲಿ ಇಂದಿನ ತಂತ್ರಜ್ಞಾನದಿಂದ, ಇಂದಿನ ಬೆಲೆಗೆ, ಲಾಭದಲ್ಲಿ ತೆಗೆಯಬಹುದಾದ ಭಾಗ ಮಾತ್ರ ಮೀಸಲು. ಇವೆರಡರ ನಡುವಿನ ಗೆರೆಯನ್ನು ಕಟ್ಟುನಿಟ್ಟಾಗಿ ಎಳೆಯಲು ಆಸ್ಟ್ರೇಲಿಯಾದ ಜೋರ್ಕ್ ಸಂಹಿತೆ, ಕೆನಡಾದ 43-101 ನಿಯಮಾವಳಿಯಂಥ ವ್ಯವಸ್ಥೆಗಳಿವೆ. ಕೆನಡಾದ ನಿಯಮಾವಳಿಯ ಹಿಂದೆ ಒಂದು ದೊಡ್ಡ ಮೋಸದ ಕಥೆಯಿದೆ: ಬೋರ್ನಿಯೊ ದ್ವೀಪದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆಯೆಂದು ಬ್ರೆ-ಎಕ್ಸ್ ಕಂಪನಿ ತೋರಿಸಿದ್ದ ಶಿಲಾಮಾದರಿಗಳಿಗೆ ಹೊರಗಿನಿಂದ ಚಿನ್ನದ ಪುಡಿ ಬೆರೆಸಲಾಗಿತ್ತು ಎಂಬುದು 1997ರಲ್ಲಿ ಬಯಲಾಯಿತು. ಅಂಥ ನೇರ ವಂಚನೆಯನ್ನು ಈಗಿನ ನಿಯಮಗಳು ಬಹುಮಟ್ಟಿಗೆ ತಡೆಯುತ್ತವೆ. ಆದರೆ ಪ್ರಾಮಾಣಿಕವಾಗಿ ಪ್ರಕಟವಾದ ಸಂಪನ್ಮೂಲದ ಅಂಕಿಯನ್ನು ಕೈಗೆ ಬಂದ ಲೋಹವೆಂದು ಓದಿಕೊಳ್ಳುವ ಅಭ್ಯಾಸವನ್ನು ಯಾವ ನಿಯಮವೂ ತಡೆಯುವುದಿಲ್ಲ.

ತಾಮ್ರದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಿದ್ಯುತ್ತಿನ ಬಳಕೆ ಹೆಚ್ಚಿದಷ್ಟೂ ಬೇಡಿಕೆ ಏರುವ ಲೋಹ ಇದು. ಭೂಮಿಯ ಹೊರಪದರದ ಸಾಮಾನ್ಯ ಬಂಡೆಯಲ್ಲಿ ಟನ್ನಿಗೆ 60 ಗ್ರಾಂ ಆಸುಪಾಸು ತಾಮ್ರವಿರುತ್ತದೆ. ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುವ ಅಂಚುಗಳಲ್ಲಿ, ಕೆಲವು ಕಿಲೋಮೀಟರ್ ಆಳದಲ್ಲಿ ಶಿಲಾಪಾಕ ತಣಿಯುವಾಗ ಬಿಡುಗಡೆಯಾಗುವ ಬಿಸಿ ಲವಣದ್ರವವು ಬಂಡೆಯ ಬಿರುಕುಗಳಿಗೆ ನುಗ್ಗಿ, ಅಲ್ಲಿ ತಾಮ್ರವನ್ನು ಸಲ್ಫೈಡ್ ರೂಪದಲ್ಲಿ, ಎಂದರೆ ಗಂಧಕದೊಡನೆ ಕೂಡಿದ ರೂಪದಲ್ಲಿ, ಬಿಟ್ಟುಹೋಗುತ್ತದೆ. ಪಾರ್ಫಿರಿ ಎಂದು ಕರೆಯುವ ಇಂಥ ನಿಕ್ಷೇಪಗಳೇ ಇಂದಿನ ತಾಮ್ರದ ಮುಖ್ಯ ಮೂಲ. ಇಲ್ಲಿ ಪ್ರಕೃತಿಯೇ ಸಾಮಾನ್ಯ ಬಂಡೆಗಿಂತ ಎಂಬತ್ತು, ನೂರು ಪಟ್ಟು ತಾಮ್ರವನ್ನು ಒಂದೆಡೆ ಕೂಡಿಸಿಟ್ಟಿರುತ್ತದೆ. ಆದರೂ ಟನ್ನಿಗೆ ಸಿಗುವುದು ಕೆಲವೇ ಕಿಲೋ. ಅಮೆರಿಕದ ಯೂಟಾದಲ್ಲಿ 1906ರಲ್ಲಿ ಬಿಂಗಮ್ ಕಣಿವೆಯ ತೆರೆದ ಗಣಿ ಆರಂಭವಾದಾಗ ಅಲ್ಲಿನ ಅದಿರಿನಲ್ಲಿ ಶೇ 2ರಷ್ಟು ತಾಮ್ರವಿತ್ತು, ಅದನ್ನೇ ಆಗಿನವರು ತೀರಾ ಬಡ ಅದಿರು ಎಂದು ಹೀಗಳೆದಿದ್ದರು. ಇಂದು ಶೇ 0.5ರ ಅದಿರನ್ನು ಅಗೆಯುವುದು ಸಾಮಾನ್ಯ ಸಂಗತಿ.

ಶೇ 0.5 ಎಂದರೆ ಏನೆಂದು ಒಂದು ಟನ್ ಅದಿರನ್ನು ಮುಂದಿಟ್ಟುಕೊಂಡೇ ನೋಡೋಣ. ಅದರಲ್ಲಿರುವ ತಾಮ್ರ 5 ಕಿಲೋ. ಶುದ್ಧೀಕರಣ ಘಟಕ ಚೆನ್ನಾಗಿ ನಡೆದು ಶೇ 88ರಷ್ಟನ್ನು ಹಿಡಿದರೆ 4.4 ಕಿಲೋ ಕೈಗೆ ಬರುತ್ತದೆ. ಅದು ಶೇ 28ರಷ್ಟು ತಾಮ್ರವಿರುವ ಪುಡಿಯ ರೂಪದಲ್ಲಿರುತ್ತದೆ. ಕಾನ್ಸಂಟ್ರೇಟ್ ಎನ್ನುವ ಆ ಪುಡಿಯ ತೂಕ 16 ಕಿಲೋಗಿಂತ ಕಡಿಮೆ. ಉಳಿದ 984 ಕಿಲೋ ನೀರಿನೊಂದಿಗೆ ಕಲಸಿದ ನುಣ್ಣನೆಯ ಕೆಸರಾಗಿ ಒಡ್ಡಿನ ಹಿಂದೆ ಹೋಗಿ ಕೂರುತ್ತದೆ. ಒಂದು ಟನ್ ತಾಮ್ರಕ್ಕೆ ಸುಮಾರು 227 ಟನ್ ಅದಿರನ್ನು ಅರೆಯಬೇಕು. ಅದಿರನ್ನು ತಲುಪಲು ಪಕ್ಕಕ್ಕೆ ಸರಿಸಿದ ನಿರುಪಯುಕ್ತ ಬಂಡೆಯ ಲೆಕ್ಕ ಬೇರೆ. ಬೆಟ್ಟ ಅಗೆದು ಇಲಿ ಹಿಡಿಯುವುದು ಗಾದೆಯಲ್ಲಿ ವ್ಯರ್ಥಶ್ರಮ, ಇಲ್ಲಿ ಅದೇ ದಿನನಿತ್ಯದ ಉದ್ಯೋಗ. ಅದಿರಿನ ಗುಣಮಟ್ಟ ಅರ್ಧಕ್ಕೆ ಇಳಿದರೆ ಅರೆಯಬೇಕಾದ ಬಂಡೆ, ಬೇಕಾದ ನೀರು, ಉಳಿಯುವ ಕೆಸರು ಎಲ್ಲವೂ ಇಮ್ಮಡಿಯಾಗುತ್ತವೆ. ತಾಮ್ರ ಮಾತ್ರ ಅಷ್ಟೇ ಇರುತ್ತದೆ.

ಈ ಸರಣಿಯಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುವುದು ಅರೆಯುವ ಹಂತ. ತಾಮ್ರದ ಖನಿಜವಾದ ಚಾಲ್ಕೋಪೈರೈಟ್ ಬಂಡೆಯೊಳಗೆ ಸಣ್ಣಸಣ್ಣ ಕಣಗಳಾಗಿ ಚದುರಿರುವುದರಿಂದ, ಆ ಕಣಗಳು ಕಲ್ಲಿನ ಹಿಡಿತದಿಂದ ಬಿಡಿಸಿಕೊಳ್ಳುವವರೆಗೆ, ಎಂದರೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ನುಣುಪಾಗುವವರೆಗೆ ಇಡೀ ಬಂಡೆಯನ್ನು ಪುಡಿಮಾಡಲೇಬೇಕು. ಉಕ್ಕಿನ ಗುಂಡುಗಳನ್ನು ತುಂಬಿದ ದೈತ್ಯ ಉರುಳೆಗಳು ಹಗಲಿರುಳು ತಿರುಗುತ್ತವೆ. ಅವಕ್ಕೆ ಕೊಟ್ಟ ಶಕ್ತಿಯ ಬಹುಪಾಲು ಶಾಖವಾಗಿ ಹಾರಿಹೋಗುತ್ತದೆ. ಬಂಡೆಯನ್ನು ಒಡೆಯಲು ನಿಜವಾಗಿ ಬಳಕೆಯಾಗುವುದು ತೀರಾ ಅಲ್ಪ ಪಾಲು. ಹಾಗಾಗಿ ಗಣಿ ಸಂಶೋಧನೆಯ ಅತ್ಯಂತ ಉಪಯುಕ್ತ ಪ್ರಶ್ನೆಗಳಲ್ಲಿ ಒಂದು ಮೇಲುನೋಟಕ್ಕೆ ತೀರಾ ಸರಳವಾದದ್ದು: ಇಷ್ಟು ನುಣ್ಣಗೆ ಅರೆಯದೆ ಕೆಲಸ ಸಾಧಿಸಬಹುದೇ?

ಉತ್ತರ ಇರುವುದು ಅರೆದ ಮೇಲಿನ ಹಂತದಲ್ಲಿ. ಪುಡಿಯನ್ನು ನೀರಿನಲ್ಲಿ ಕಲಸಿ ದೊಡ್ಡ ತೊಟ್ಟಿಗೆ ಬಿಟ್ಟು, ಅದಕ್ಕೆ ಕ್ಸಾಂಥೇಟ್ ಎಂಬ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಅದರ ಅಣುವಿನ ಒಂದು ತುದಿ ಸಲ್ಫೈಡ್ ಖನಿಜದ ಮೈಗೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿ ನೀರನ್ನು ಒಲ್ಲದು. ಹೀಗೆ ನೀರಿಗೆ ಒಲ್ಲದಂತಾದ ತಾಮ್ರದ ಕಣವು ತಳದಿಂದ ಏಳುವ ಗಾಳಿಗುಳ್ಳೆಗೆ ಡಿಕ್ಕಿ ಹೊಡೆದಾಗ ಅದಕ್ಕೆ ಹತ್ತಿಕೊಂಡು ಮೇಲೇರಿ ಲೋಹದ ಹೊಳಪಿನ ನೊರೆಯಾಗಿ ತೊಟ್ಟಿಯ ಅಂಚಿನಿಂದ ಹೊರಚೆಲ್ಲುತ್ತದೆ. ಮರಳಿನಂಥ ಕಣಗಳು ನೀರಿನಲ್ಲೇ ಉಳಿಯುತ್ತವೆ. ತಾಮ್ರವಿಲ್ಲದ ಪೈರೈಟ್ ಕೂಡ ಸಲ್ಫೈಡೇ ಆದ್ದರಿಂದ, ಅದು ತೇಲಿಬರದಂತೆ ಸುಣ್ಣ ಹಾಕಿ ನೀರನ್ನು ಕ್ಷಾರೀಯವಾಗಿ ಇರಿಸುತ್ತಾರೆ. ಇಡೀ ವ್ಯವಸ್ಥೆ ಒಂದು ಗಾತ್ರದ ಮಿತಿಯೊಳಗೆ ಮಾತ್ರ ಚೆನ್ನಾಗಿ ನಡೆಯುತ್ತದೆ. ಕಣ ದಪ್ಪವಾದರೆ ಗುಳ್ಳೆ ಅದನ್ನು ಹೊರಲಾರದೆ ಕೈಬಿಡುತ್ತದೆ. ತೀರಾ ಸಣ್ಣದಾದರೆ ಗುಳ್ಳೆಯ ಸುತ್ತ ಹರಿಯುವ ನೀರಿನೊಂದಿಗೆ ಜಾರಿಹೋಗಿ ಡಿಕ್ಕಿಯೇ ಆಗುವುದಿಲ್ಲ. ತಾಮ್ರದ ಘಟಕಗಳಲ್ಲಿ ಕೈತಪ್ಪುವ ಲೋಹದ ಬಹುಪಾಲು ಈ ಎರಡು ತುದಿಗಳಲ್ಲೇ ಕೈತಪ್ಪುತ್ತದೆ.

ಸಣ್ಣ ಕಣಗಳಿಗಾಗಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಗ್ರೇಮ್ ಜೇಮ್ಸನ್ 1980ರ ದಶಕದಲ್ಲಿ, ಗಾಳಿಯನ್ನು ಅತಿ ಸೂಕ್ಷ್ಮ ಗುಳ್ಳೆಗಳಾಗಿ ಒಡೆಯುವ ತೊಟ್ಟಿಯನ್ನು ರೂಪಿಸಿದರು. ಅದು ಇಂದು ಅನೇಕ ದೇಶಗಳ ಘಟಕಗಳಲ್ಲಿದೆ. ದಪ್ಪ ಕಣಗಳ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಇನ್ನೂ ತಡವಾಗಿ. ತಳದಿಂದ ಮೇಲಕ್ಕೆ ಹರಿಯುವ ನೀರು ಕಣಗಳನ್ನು ಎತ್ತಿಹಿಡಿಯುವಂತೆ ಮಾಡಿ, ಗುಳ್ಳೆಯ ಮೇಲಿನ ಹೊರೆಯನ್ನು ಹಗುರಗೊಳಿಸುವ ತೊಟ್ಟಿಗಳು ತಾಮ್ರದ ಉದ್ಯಮಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2018ರ ಸುಮಾರಿಗೆ, ಆಸ್ಟ್ರೇಲಿಯಾದ ಕಾಡಿಯಾ ಗಣಿಯಲ್ಲಿ. ಇದರ ಲಾಭ ಒಂದೇ ಅಲ್ಲ. ದಪ್ಪಗೆ ಅರೆದರೆ ವಿದ್ಯುತ್ ಉಳಿಯುತ್ತದೆ. ಕೆಸರಿನ ಬದಲು ಮರಳು ಉಳಿಯುವುದರಿಂದ ಅದರಲ್ಲಿನ ನೀರು ಬೇಗ ಬಸಿದು ಮರುಬಳಕೆಗೆ ಸಿಗುತ್ತದೆ. ಹೊಸ ಗಣಿಯೊಂದನ್ನು ಹುಡುಕಿದಾಗ ಆಗುವಷ್ಟು ಸದ್ದು ಇಂಥ ಸುಧಾರಣೆಗೆ ಆಗುವುದಿಲ್ಲ, ಆದರೂ ಜಗತ್ತಿನ ಘಟಕಗಳ ಒಟ್ಟು ಇಳುವರಿ ಒಂದೆರಡು ಶೇಕಡಾ ಏರಿದರೆ ಅದು ದೊಡ್ಡ ಗಣಿಯೊಂದರ ಉತ್ಪಾದನೆಗೆ ಸಾಟಿ.

ಅರೆಯುವುದನ್ನೇ ಬಹುಮಟ್ಟಿಗೆ ತಪ್ಪಿಸುವ ದಾರಿಯೂ ಒಂದಿದೆ. ಜಲ್ಲಿಯಷ್ಟು ಒಡೆದ ಅದಿರನ್ನು ರಾಶಿಹಾಕಿ, ಮೇಲಿನಿಂದ ದುರ್ಬಲ ಗಂಧಕಾಮ್ಲವನ್ನು ಹನಿಸಿ, ತಳದಲ್ಲಿ ಒಸರುವ ನೀಲಿ ದ್ರಾವಣದಿಂದ ವಿದ್ಯುತ್ ಹಾಯಿಸಿ ತಾಮ್ರವನ್ನು ಪಡೆಯುವ ಪದ್ಧತಿ 1968ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಉದ್ಯಮದ ಮಟ್ಟಕ್ಕೆ ಬಂತು. ಆಕ್ಸೈಡ್ ಅದಿರಿಗೂ ಸುಲಭವಾಗಿ ಕರಗುವ ಕೆಲವು ಸಲ್ಫೈಡುಗಳಿಗೂ ಇದು ಒಗ್ಗುತ್ತದೆ, ಚಾಲ್ಕೋಪೈರೈಟಿಗೆ ಒಗ್ಗುವುದಿಲ್ಲ. ಆಮ್ಲ ತಾಗಿದ ಕೆಲವೇ ಸಮಯದಲ್ಲಿ ಅದರ ಮೈಮೇಲೆ ಒಂದು ತೆಳುಪದರ ಬೆಳೆದು ಕ್ರಿಯೆ ನಿಂತುಹೋಗುತ್ತದೆ. ಆ ಪದರ ಗಂಧಕದ್ದೇ, ಪಾಲಿಸಲ್ಫೈಡಿನದೇ, ಕಬ್ಬಿಣದ ಲವಣದ್ದೇ ಎಂಬ ವಾದ ದಶಕಗಳಿಂದ ನಡೆಯುತ್ತಲೇ ಇದೆ. ಗಣಿಯ ಆಮ್ಲೀಯ ನೀರಿನಲ್ಲಿ ಕಬ್ಬಿಣವನ್ನು ಆಕ್ಸಿಡೀಕರಿಸಿ ಬದುಕುವ ಬ್ಯಾಕ್ಟೀರಿಯಾಗಳು 1947ರಲ್ಲೇ ಪತ್ತೆಯಾಗಿದ್ದವು. ಅವುಗಳ ನೆರವಿನಿಂದ, ರಾಶಿಯ ಒಳಗಿನ ಉಷ್ಣತೆಯನ್ನು ಏರಿಸುವುದರಿಂದ, ಪದರ ಕಟ್ಟದಂತೆ ತಡೆಯುವ ವೇಗವರ್ಧಕಗಳಿಂದ ಈ ಗೋಡೆಯನ್ನು ಒಡೆಯಲು ಹಲವು ಕಂಪನಿಗಳು ಈಗ ಹಣ ಸುರಿಯುತ್ತಿವೆ. ಫಲಿತಾಂಶಗಳು ಆಶಾದಾಯಕವೇ. ಆದರೆ ಪ್ರಯೋಗಾಲಯದ ಕೊಳವೆಯಲ್ಲಿ ಕೆಲವು ತಿಂಗಳಲ್ಲಿ ಕಂಡ ಇಳುವರಿ, ಬೆಟ್ಟದಷ್ಟು ದೊಡ್ಡ ರಾಶಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆಯೇ ಎಂಬುದು ರಾಶಿಯನ್ನು ಕಟ್ಟಿ ಕಾದ ಮೇಲೆಯೇ ತಿಳಿಯುವ ವಿಷಯ; ಕಂಪನಿಗಳ ಪ್ರಕಟಣೆಗಳನ್ನು ಓದುವಾಗ ಇಷ್ಟು ಎಚ್ಚರ ಇರಲೇಬೇಕು.

ನಿಕಲ್‌ನ ಕಥೆಯಲ್ಲಿ ಗಂಟು ಬಿಚ್ಚಿಕೊಂಡ ಬಗೆ ಬೋಧಪ್ರದ. ಜಗತ್ತಿನ ನಿಕಲ್‌ನ ಹೆಚ್ಚಿನ ಪಾಲು ಉಷ್ಣವಲಯದ ಮಳೆಯಲ್ಲಿ ಶಿಥಿಲಗೊಂಡ ಲ್ಯಾಟರೈಟ್ ಮಣ್ಣಿನಲ್ಲಿದೆ. ಅಲ್ಲಿ ಅದು ಪ್ರತ್ಯೇಕ ಖನಿಜದ ಕಣವಾಗಿರದೆ ಕಬ್ಬಿಣದ ಆಕ್ಸೈಡಿನ ರಚನೆಯೊಳಗೇ ಬೆರೆತಿರುವುದರಿಂದ ನೊರೆಯಲ್ಲಿ ತೇಲಿಸುವ ಉಪಾಯ ಇಲ್ಲಿ ನಡೆಯದು. ಸುಮಾರು 250 ಡಿಗ್ರಿ ಉಷ್ಣತೆಯಲ್ಲಿ, ವಾತಾವರಣದ ನಲವತ್ತು ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ, ಟೈಟಾನಿಯಂ ಒಳಪದರದ ಪಾತ್ರೆಯೊಳಗೆ ಗಂಧಕಾಮ್ಲದಿಂದ ಅದನ್ನು ಕರಗಿಸಬೇಕು. ಕ್ಯೂಬಾದ ಮೋವಾದಲ್ಲಿ 1959ರಲ್ಲೇ ಈ ಪದ್ಧತಿ ಆರಂಭವಾಗಿತ್ತು. 1990ರ ದಶಕದ ಕೊನೆಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಟ್ಟಿಗೇ ಎದ್ದ ಮೂರು ಘಟಕಗಳು ತುಕ್ಕು, ಸೋರಿಕೆ, ಮೀರಿದ ವೆಚ್ಚಗಳಲ್ಲಿ ಸಿಲುಕಿ, ಅವುಗಳಲ್ಲಿ ಮರ್ರಿನ್ ಮರ್ರಿನ್ ಒಂದೇ ಉಳಿದುಕೊಂಡಿತು. ಪದ್ಧತಿಯೇ ಕೈಗೆಟುಕದ್ದು ಎಂದು ಹಲವರು ಕೈಬಿಟ್ಟ ಮೇಲೆ, 2020ರಲ್ಲಿ ಕಚ್ಚಾ ಅದಿರಿನ ರಫ್ತು ನಿಷೇಧಿಸಿದ್ದ ಇಂಡೋನೇಷ್ಯಾದಲ್ಲಿ ಚೀನಾದ ಎಂಜಿನಿಯರುಗಳು 2021ರಿಂದ ಇಂಥ ಘಟಕಗಳನ್ನು ಒಂದರ ಹಿಂದೊಂದರಂತೆ ಯಶಸ್ವಿಯಾಗಿ ನಡೆಸಿ ತೋರಿಸಿದರು. ಕಲ್ಲಿದ್ದಲಿನ ಬಲದಿಂದ ನಡೆಯುವ ಕುಲುಮೆಗಳ ಉತ್ಪಾದನೆಯೂ ಸೇರಿ ಮಾರುಕಟ್ಟೆಯಲ್ಲಿ ನಿಕಲ್ ಎಷ್ಟು ತುಂಬಿತೆಂದರೆ, ಬೆಲೆ ಕುಸಿದು 2024ರ ಅಕ್ಟೋಬರಿನಲ್ಲಿ ದೈತ್ಯ ಗಣಿ ಕಂಪನಿ ಬಿಎಚ್‌ಪಿ ಪಶ್ಚಿಮ ಆಸ್ಟ್ರೇಲಿಯಾದ ತನ್ನ ನಿಕಲ್ ವಿಭಾಗವನ್ನೇ ಸ್ಥಗಿತಗೊಳಿಸಿತು. ಈ ಎಲ್ಲ ಏರಿಳಿತದ ಕಾಲದಲ್ಲಿ ನೆಲದಡಿಯ ನಿಕಲ್‌ನ ಪ್ರಮಾಣವೇನೂ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಬಿಡಿಸುವ ಕೈಚಳಕ, ಜೊತೆಗೆ ಅದರ ಪರಿಸರ ವೆಚ್ಚವನ್ನು ಹೊರಲು ಒಪ್ಪಿಕೊಂಡ ಜಾಗ. ಶೇ 1ರಷ್ಟು ನಿಕಲ್ ಇರುವ ಮಣ್ಣಿನಿಂದ ಒಂದು ಟನ್ ಲೋಹ ತೆಗೆದರೆ ನೂರು ಟನ್ನಿಗೂ ಹೆಚ್ಚು ಶೇಷ ಉಳಿಯುತ್ತದೆ. ಧಾರಾಕಾರ ಮಳೆ ಬೀಳುವ, ಭೂಕಂಪವಾಗುವ ದ್ವೀಪಗಳಲ್ಲಿ ಅದನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ತೃಪ್ತಿಕರ ಉತ್ತರವಿಲ್ಲ.

ವಿರಳ ಭೂಲೋಹಗಳಲ್ಲಿ ಗಂಟು ಇರುವುದು ಬಂಡೆಯಿಂದ ಬಿಡಿಸುವುದರಲ್ಲಿ ಅಲ್ಲ, ಒಂದರಿಂದ ಇನ್ನೊಂದನ್ನು ಬಿಡಿಸುವುದರಲ್ಲಿ. ಈ ಗುಂಪಿನ 17 ಮೂಲಧಾತುಗಳು ಒಟ್ಟೊಟ್ಟಿಗೇ ಸಿಗುತ್ತವೆ, ರಾಸಾಯನಿಕವಾಗಿ ಒಂದನ್ನೊಂದು ಹೋಲುತ್ತವೆ. ಲ್ಯಾಂಥನಮ್‌ನಿಂದ ಲುಟೇಷಿಯಂವರೆಗೆ ಅಯಾನಿನ (ವಿದ್ಯುದಂಶ ಹೊತ್ತ ಪರಮಾಣುವಿನ) ಗಾತ್ರ ಹಂತಹಂತವಾಗಿ ಕುಗ್ಗುತ್ತ ಹೋದರೂ ನೆರೆಹೊರೆಯ ಎರಡರ ನಡುವಿನ ವ್ಯತ್ಯಾಸ ಶೇ 1ರ ಆಸುಪಾಸಿನದು. ಇಷ್ಟು ಸಣ್ಣ ಅಂತರವನ್ನೇ ಹಿಡಿದು ಬೇರ್ಪಡಿಸಲು, ಲೋಹವಿರುವ ಆಮ್ಲದ್ರಾವಣವನ್ನು ಅದರೊಡನೆ ಬೆರೆಯದ ಎಣ್ಣೆಯಂಥ ದ್ರಾವಕದ ಜೊತೆ ಕಲಕಿ, ನಿಲ್ಲಿಸಿ, ಮೇಲಿನ ಪದರವನ್ನು ಒಂದು ಕಡೆಗೂ ಕೆಳಗಿನದನ್ನು ಎದುರು ದಿಕ್ಕಿಗೂ ಹರಿಸುವ ತೊಟ್ಟಿಗಳ ಸಾಲನ್ನು ಕಟ್ಟುತ್ತಾರೆ. ಒಂದು ತೊಟ್ಟಿಯಲ್ಲಿ ಆಗುವ ಬೇರ್ಪಡಿಕೆ ಅತ್ಯಲ್ಪ. ಅದೇ ಕೆಲಸ ನೂರಾರು ತೊಟ್ಟಿಗಳಲ್ಲಿ ಮರುಕಳಿಸಿದ ಮೇಲೆ ಸಾಲಿನ ಒಂದು ತುದಿಯಲ್ಲಿ ಒಂದು ಲೋಹ, ಇನ್ನೊಂದು ತುದಿಯಲ್ಲಿ ಇನ್ನೊಂದು ಲೋಹ ಸಿಗುತ್ತದೆ. ನಡುವೆ ಎಲ್ಲಾದರೂ ಆಮ್ಲದ ಪ್ರಮಾಣವೋ ಹರಿವಿನ ವೇಗವೋ ತಪ್ಪಿದರೆ ಇಡೀ ಸಾಲಿನ ಸಮತೋಲ ಕೆಡುತ್ತದೆ, ಮತ್ತೆ ಹದಕ್ಕೆ ಬರಲು ಬಹಳ ಕಾಲ ಹಿಡಿಯುತ್ತದೆ.

ಇಂಥ ಸಾಲನ್ನು ಎಷ್ಟು ತೊಟ್ಟಿಗಳಲ್ಲಿ, ಯಾವ ಹರಿವಿನಲ್ಲಿ ಕಟ್ಟಬೇಕೆಂಬುದನ್ನು ಲೆಕ್ಕಾಚಾರದಿಂದಲೇ ನಿರ್ಧರಿಸುವ ಸಿದ್ಧಾಂತವನ್ನು ಪೀಕಿಂಗ್ ವಿಶ್ವವಿದ್ಯಾಲಯದ ಶು ಗುವಾಂಗ್‌ಶಿಯಾನ್ 1970ರ ದಶಕದಲ್ಲಿ ರೂಪಿಸಿದರು. ಚೀನಾದ ಇಂದಿನ ಹಿಡಿತಕ್ಕೆ ಅಗ್ಗದ ಕೂಲಿಯನ್ನೂ ಸಡಿಲ ಪರಿಸರ ನಿಯಮಗಳನ್ನೂ ಮಾತ್ರ ಕಾರಣವಾಗಿ ಹೇಳುವವರು ಈ ಭಾಗವನ್ನು ಮರೆಯುತ್ತಾರೆ. ಅವೆರಡೂ ನಿಜವೇ, ಆದರೆ ಅವುಗಳ ಅಡಿಯಲ್ಲಿ ದಶಕಗಳ ಸಂಶೋಧನೆಯೂ ಅದನ್ನು ಕಾರ್ಖಾನೆಯ ನೆಲದಲ್ಲಿ ನಡೆಸಿದವರ ಅನುಭವವೂ ಇದೆ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿಗೆಲ್ಲ ಈ ಲೋಹಗಳನ್ನು ಒದಗಿಸುತ್ತಿತ್ತು. 2002ರಲ್ಲಿ ಅದು ಮುಚ್ಚಿತು. ಮತ್ತೆ ತೆರೆದ ಮೋಲಿಕಾರ್ಪ್ ಕಂಪನಿ 2015ರಲ್ಲಿ ದಿವಾಳಿಯಾಯಿತು. ಅದರ ನಂತರ ಬಂದ ಒಡೆತನದಲ್ಲಿ ಗಣಿ ನಡೆದರೂ, ಅಲ್ಲಿನ ಕಾನ್ಸಂಟ್ರೇಟನ್ನು ಹಲವು ವರ್ಷ ಬೇರ್ಪಡಿಕೆಗಾಗಿ ಚೀನಾಕ್ಕೇ ಕಳಿಸಬೇಕಾಯಿತು. ಗಣಿ ಕೈಯಲ್ಲಿದ್ದೂ ಲೋಹ ಕೈಯಲ್ಲಿಲ್ಲದ ಸ್ಥಿತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಬೇರ್ಪಡಿಕೆಯ ತಂತ್ರಜ್ಞಾನ ಚೀನಾದ ರಫ್ತು ನಿಷೇಧದ ಪಟ್ಟಿಯಲ್ಲಿ ಮೊದಲಿಂದಲೇ ಇತ್ತು; 2023ರ ಡಿಸೆಂಬರಿನಲ್ಲಿ ಅಯಸ್ಕಾಂತ ತಯಾರಿಕೆಯ ತಂತ್ರಜ್ಞಾನವನ್ನೂ ಅದಕ್ಕೆ ಸೇರಿಸಲಾಯಿತು. 2025ರ ಏಪ್ರಿಲಿನಲ್ಲಿ ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿದಂತೆ ಏಳು ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ತಂತ್ರಜ್ಞಾನದ ಮೇಲಿನ ನಿರ್ಬಂಧ ಲೋಹದ ಮೇಲಿನ ಈ ನಿರ್ಬಂಧಕ್ಕಿಂತ ಮೊದಲೇ ಬಂತು ಎಂಬುದು ಗಮನಿಸತಕ್ಕದ್ದು. ಯಾವುದು ಹೆಚ್ಚು ಬೆಲೆಬಾಳುತ್ತದೆ ಎಂಬುದರ ಬಗ್ಗೆ ಅಲ್ಲಿನವರಿಗೆ ಗೊಂದಲವಿದ್ದಂತಿಲ್ಲ.

ಗ್ಯಾಲಿಯಂನಂಥವುಗಳಿಗೆ ಗಣಿಯೇ ಇಲ್ಲ. ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟಿನಲ್ಲಿ ಟನ್ನಿಗೆ ಸುಮಾರು 50 ಗ್ರಾಂ ಇರುವ ಈ ಲೋಹವು ಅಲ್ಯೂಮಿನಾ ಘಟಕಗಳ ಕ್ಷಾರದ್ರಾವಣದಲ್ಲಿ ತಾನಾಗಿ ಶೇಖರಗೊಳ್ಳುತ್ತದೆ. ಅದನ್ನು ಅಲ್ಲಿಂದ ಹಿಡಿಯುವ ಉಪಕರಣ ಇದ್ದವರಿಗೆ ಸಿಗುತ್ತದೆ, ಇಲ್ಲದವರಿಗೆ ಹರಿದುಹೋಗುತ್ತದೆ. ಜರ್ಮೇನಿಯಂ ಸತುವಿನ ಅದಿರಿನೊಡನೆ, ಟೆಲ್ಲೂರಿಯಂ ತಾಮ್ರದ ಶುದ್ಧೀಕರಣದ ತಳಗಸಿಯಲ್ಲಿ ಹೀಗೆಯೇ ಬರುತ್ತವೆ. ಬೆಲೆ ಎಷ್ಟೇ ಏರಿದರೂ ಗ್ಯಾಲಿಯಂಗಾಗಿ ಯಾರೂ ಬಾಕ್ಸೈಟ್ ಗಣಿ ತೆರೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಸಂಸ್ಕರಣಾ ಘಟಕಗಳನ್ನು ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ತಾಮ್ರದ ಕರಗಿಸುವ ಕುಲುಮೆಗಳು ಅದಕ್ಕೆ ನೇರ ಅಪವಾದ. ಗಣಿಯವರು ಕಾನ್ಸಂಟ್ರೇಟನ್ನು ಕರಗಿಸಿಕೊಡುವುದಕ್ಕೆ ಕುಲುಮೆಯವರಿಗೆ ಟನ್ನಿಗೆ ಇಷ್ಟೆಂದು ಸಂಸ್ಕರಣಾ ಶುಲ್ಕ ಕೊಡುವುದು ರೂಢಿ. ವಾರ್ಷಿಕ ಒಪ್ಪಂದದ ಈ ದರ 2024ಕ್ಕೆ 80 ಡಾಲರ್ ಇತ್ತು, 2025ಕ್ಕೆ 21.25 ಡಾಲರಿಗೆ ಕುಸಿಯಿತು. ಅದೇ ವರ್ಷದ ನಡುವೆ ಚಿಲಿಯ ಆಂಟೊಫಗಾಸ್ಟಾ ಕಂಪನಿಯೊಂದಿಗೆ ಚೀನಾದ ಕುಲುಮೆಯೊಂದು ಸೊನ್ನೆ ದರಕ್ಕೆ ಒಪ್ಪಿಕೊಂಡಿತು. ಚೀನಾದಲ್ಲಿ ಕುಲುಮೆಗಳು ಅಗತ್ಯ ಮೀರಿ ಎದ್ದಿದ್ದವು. ಇತ್ತ 2023ರ ನವೆಂಬರಿನಲ್ಲಿ ಪನಾಮದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೋಬ್ರೆ ಪನಾಮ ಗಣಿ ಮುಚ್ಚಿದ್ದೂ ಸೇರಿದಂತೆ ಹಲವು ಕಾರಣಗಳಿಂದ ಕಾನ್ಸಂಟ್ರೇಟಿಗೆ ಬರ ಬಂದಿತ್ತು. ಈಗ ಕುಲುಮೆಗಳು ಉಸಿರಾಡುತ್ತಿರುವುದು ಬಹುಮಟ್ಟಿಗೆ ಉಪ ಉತ್ಪನ್ನಗಳಾದ ಗಂಧಕಾಮ್ಲ, ಚಿನ್ನ, ಬೆಳ್ಳಿಗಳ ಆದಾಯದಿಂದ. ತಾಮ್ರದ ಗಂಟು ಕುಲುಮೆಯಲ್ಲಿಲ್ಲ; ಬಡವಾಗುತ್ತಿರುವ ಅದಿರಿನಲ್ಲಿ, ಅರೆಯುವ ಹಂತದಲ್ಲಿ, ಕರಗಲೊಲ್ಲದ ಚಾಲ್ಕೋಪೈರೈಟಿನಲ್ಲಿ ಇದೆ. ಸ್ವಾವಲಂಬನೆಯ ಹೆಸರಿನಲ್ಲಿ ಸಹಾಯಧನ ಕೊಟ್ಟು ಇನ್ನಷ್ಟು ಕುಲುಮೆ ಕಟ್ಟುವ ಸರ್ಕಾರಗಳು ಈ ಶುಲ್ಕದ ಗತಿಯನ್ನೊಮ್ಮೆ ನೋಡಬೇಕು.

ಉಳಿದಿರುವುದು ಆ 984 ಕಿಲೋ ಕೆಸರಿನ ಮಾತು. ಗಣಿ ಭಾಷೆಯಲ್ಲಿ ಟೇಲಿಂಗ್ಸ್ ಎನ್ನುವ ಇದನ್ನು ಹಿಡಿದಿಡಲು ಕಟ್ಟುವ ಒಡ್ಡುಗಳು ನೀರಿನ ಅಣೆಕಟ್ಟುಗಳಂತೆ ಒಮ್ಮೆಗೇ ಪೂರ್ತಿಯಾಗುವುದಿಲ್ಲ. ಗಣಿ ನಡೆದಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಖರ್ಚು ಉಳಿಸಲು ಹೊಸ ಏರಿಯನ್ನು ಹಳೆಯ ಕೆಸರಿನ ಮೇಲೆಯೇ ಒಳಮುಖವಾಗಿ ಏರಿಸುತ್ತ ಹೋಗುವ ಪದ್ಧತಿಯಲ್ಲಿ, ಅಡಿಯ ಕೆಸರು ನೀರು ಬಸಿಯದೆ ತೋಯ್ದಿದ್ದರೆ, ಕ್ಷಣಮಾತ್ರದಲ್ಲಿ ದ್ರವದಂತೆ ಹರಿದುಬಿಡಬಹುದು. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕುಸಿದದ್ದು ಇಂಥದೇ ಒಡ್ಡು. 270 ಮಂದಿ ಸತ್ತರು. ಅದರ ಪರಿಣಾಮವಾಗಿ 2020ರ ಆಗಸ್ಟಿನಲ್ಲಿ ಒಡ್ಡುಗಳ ನಿರ್ವಹಣೆಗೆ ಜಾಗತಿಕ ಮಾನದಂಡವೊಂದು ಬಂತು. ಕೆಸರನ್ನು ಒತ್ತಿ ನೀರು ಹಿಂಡಿ ಒಣ ರಾಶಿಯಾಗಿ ಪೇರಿಸುವ ಕ್ರಮವೂ ಹೆಚ್ಚುತ್ತಿದೆ, ಆದರೆ ದಿನಕ್ಕೆ ಲಕ್ಷ ಟನ್ ಅರೆಯುವ ಗಣಿಗಳಿಗೆ ಅದು ಇನ್ನೂ ದುಬಾರಿ.

ಹಳೆಯ ಟೇಲಿಂಗ್ಸ್‌ನಿಂದಲೇ ಮತ್ತೆ ಲೋಹ ತೆಗೆಯುವ ಯೋಜನೆಗಳು ಈಗ ಎಲ್ಲೆಡೆ ಕೇಳಿಬರುತ್ತಿವೆ. ಇದೇನೂ ಹೊಸ ಯೋಚನೆಯಲ್ಲ: ನೊರೆಯಲ್ಲಿ ತೇಲಿಸುವ ಪದ್ಧತಿ 20ನೇ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಉದ್ಯಮವಾಗಿ ಬೆಳೆದದ್ದೇ, ಸೀಸ ತೆಗೆದು ಬಿಸಾಡಿದ್ದ ರಾಶಿಗಳಲ್ಲಿನ ಸತುವನ್ನು ಹಿಡಿಯಲಿಕ್ಕಾಗಿ. ಅಗೆಯುವ, ಅರೆಯುವ ಖರ್ಚು ಹಿಂದೆಯೇ ಆಗಿಹೋಗಿದೆ ಎಂಬುದು ಇದರ ಆಕರ್ಷಣೆ. ಆದರೆ ಅಲ್ಲಿ ಉಳಿದಿರುವುದು ಮೊದಲ ಸಲ ಗುಳ್ಳೆಗೆ ಸಿಗದೆ ತಪ್ಪಿಸಿಕೊಂಡ ಕಣಗಳೇ. ಕೆಲವು ಕಲ್ಲಿನೊಳಗೇ ಸಿಕ್ಕಿಕೊಂಡಿವೆ, ಕೆಲವು ತೀರಾ ನುಣುಪು, ಹಲವು ಗಾಳಿಗೆ ಒಡ್ಡಿಕೊಂಡು ಮೈ ಆಕ್ಸಿಡೀಕರಣಗೊಂಡು ರಾಸಾಯನಿಕಕ್ಕೆ ಒಗ್ಗದಂತಾಗಿವೆ. ಸಿಗುವ ಲೋಹದ ಬೆಲೆಯೊಂದರಿಂದಲೇ ಇಂಥ ಯೋಜನೆಗಳ ಖರ್ಚು ಹುಟ್ಟುವುದು ಕೆಲವು ಕಡೆ ಮಾತ್ರ. ಅಪಾಯಕಾರಿ ಒಡ್ಡನ್ನು ತೆರವುಗೊಳಿಸಿದ್ದರ ಉಪಯೋಗವನ್ನೂ ಸೇರಿಸಿದರೆ ಲೆಕ್ಕ ಬೇರೆಯಾಗುತ್ತದೆ, ಆದರೆ ಆ ಬಾಬ್ತನ್ನು ಗಣಿ ಕಂಪನಿಯ ಖಾತೆಗೆ ಬರೆಯಬೇಕೋ ಸರ್ಕಾರದ ಖಾತೆಗೋ ಎಂಬುದು, ಮೂಲ ಮಾಲೀಕರು ಎಂದೋ ಕೈತೊಳೆದುಕೊಂಡು ಹೋಗಿರುವ ಹಳೆಯ ಗಣಿಗಳಲ್ಲಿ, ಇನ್ನೂ ತೀರ್ಮಾನವಾಗಬೇಕಿದೆ.